ಹಸಿ ಕಟ್ಟಿಗೆಯ ಹೊಗೆ

ಸಿಂಧನೂರು ತಾಲ್ಲೂಕಿನ ಮುಕ್ಕುಂದದ ಸುತ್ತಣ ಬಯಲುಸೀಮೆಯಲ್ಲಿ ಕಟ್ಟಿಗೆ ಬೇಕಾಗುವುದು ಚಳಿ ಕಾಯಿಸಿಕೊಳ್ಳುವುದಕ್ಕಿಂತ ಅಡುಗೆಗೆ, ಸ್ನಾನದ ನೀರಿಗೆ. ಗ್ಯಾಸ್ ಒಲೆ ಬಂದ ಮೇಲೂ ಬಳ್ಳಾರಿ ಜಾಲಿಯ ಉಪಯೋಗ ನಿಂತಿಲ್ಲ. ಅದನ್ನು ಕಡಿದ ಮರುದಿನವೇ ಒಲೆಗಿಟ್ಟರೆ ಮನೆಯೆಲ್ಲ ಹೊಗೆ. ಏಕೆ?

ಹಸಿ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರುವುದುಂಟು. ಅಂತಹ 1 ಕಿಲೋಗ್ರಾಂ ಕಟ್ಟಿಗೆಯನ್ನು ನಾವು ತೆಗೆದುಕೊಳ್ಳೋಣ. ಅದರ ಒಣ ಭಾಗವು ಸುಮಾರು 2,200 ಕಿಲೋಕ್ಯಾಲರಿ ಉಷ್ಣವನ್ನು ಕೊಡಬಲ್ಲುದು. ನೀರನ್ನು ಕಾಯಿಸಿ ಆವಿಯಾಗಿಸಲು ಸುಮಾರು 300 ವ್ಯಯವಾಗುತ್ತದೆ. ನಷ್ಟ ಈ ಏಳರಲ್ಲೊಂದು ಪಾಲೇ ಆಗಿದ್ದರೆ ನಾವು ಸಹಿಸಬಹುದಾಗಿತ್ತು. ಆದರೆ ಜ್ವಾಲೆಯಾಗಿ ನಮಗೆ ಕಾಣುವುದು, ಕಾದ ಮರದಿಂದ ಹೊರಟ ಅನಿಲಗಳು ಉರಿಯುವುದೇ. ನೀರಾವಿಯಿಂದ ಒಲೆಯ ತಾಪ ತಗ್ಗಿದಾಗ ಆ ಅನಿಲಗಳು ಪೂರ್ತಿ ಉರಿಯದೆ ಹೊಗೆಯಾಗಿ ಹೊರಬೀಳುತ್ತವೆ. ಉಷ್ಣವೂ ಹೋಯಿತು, ಅಡುಗೆ ಮಾಡುವವರ ಕಣ್ಣಿಗೂ ಶ್ವಾಸಕೋಶಕ್ಕೂ ಕೇಡಾಯಿತು. ಊದುಗೊಳವೆ ಗಾಳಿಯನ್ನು ಕೊಟ್ಟೀತೇ ಹೊರತು ನೀರನ್ನು ತೆಗೆಯಲಾರದು.

ಮರದೊಳಗಿನ ನೀರು ನಾರಿನ ಉದ್ದಕ್ಕೆ ಸುಲಭವಾಗಿ ಸಾಗುತ್ತದೆ, ಅಡ್ಡಕ್ಕೆ ನಿಧಾನವಾಗಿ. ತೊಗಟೆಯಂತೂ ಅದನ್ನು ತಡೆಯುತ್ತದೆ. ಆದುದರಿಂದ ಕೊರಡನ್ನು ಗಿಡ್ಡ ತುಂಡುಗಳಾಗಿ ಕಡಿದು, ಹಸಿಯಿರುವಾಗಲೇ ಕೊಡಲಿಯಿಂದ ಸೀಳಬೇಕು. ಸೀಳುಗಳನ್ನು ನೆಲಕ್ಕೆ ತಾಗದಂತೆ ಕಲ್ಲುಗಳ ಮೇಲೆ, ನಡುವೆ ಗಾಳಿಯಾಡುವಂತೆ ಒಟ್ಟಬೇಕು. ಬೇಸಗೆಯ ಬಿಸಿಗಾಳಿ ಉಳಿದ ಕೆಲಸವನ್ನು ಮಾಡುತ್ತದೆ. ಎರಡು ಸೀಳುಗಳನ್ನು ಬಡಿದು ನೋಡಿದರೆ ಹಸಿಯವು ಮಂದವಾಗಿ ಸದ್ದು ಮಾಡುತ್ತವೆ, ಒಣಗಿದವು ಠಣ್ಣೆನ್ನುತ್ತವೆ. ಮಳೆಗಾಲಕ್ಕೆ ರಾಶಿಯ ಮೇಲುಭಾಗವನ್ನಷ್ಟೇ ಮುಚ್ಚಿದರೆ ಸಾಕು, ಬದಿಗಳನ್ನು ಮುಚ್ಚಬಾರದು.