ಸಾಮೂಹಿಕ ಗಣಕದಲ್ಲಿ ಅಧಿಕಾರದ ಮಿತಿ: ಚಿಕ್ಕೋಡಿ ಉಪವಿಭಾಗದ ಭೂದಾಖಲೆಗಳ ನಿದರ್ಶನ

ಒಂದೇ ದಾಖಲೆಯನ್ನು ಹಲವರು ನಿರ್ವಹಿಸುವಲ್ಲಿ ಯಾರು ಏನನ್ನು ನೋಡಬಹುದು, ಯಾರು ಏನನ್ನು ತಿದ್ದಬಹುದು ಎಂಬ ಪ್ರಶ್ನೆ ಗಣಕಯಂತ್ರಕ್ಕಿಂತ ಬಹು ಹಳೆಯದು. ಊರಿನ ದಫ್ತರ ಕುಲಕರ್ಣಿಯ ಮನೆಯಲ್ಲಿದ್ದ ಕಾಲದಲ್ಲಿಯೂ ಈ ಪ್ರಶ್ನೆ ಇದ್ದಿತು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳ ಭೂದಾಖಲೆಗಳು ಕೈಬರಹದಿಂದ ಗಣಕಕ್ಕೆ ಬಂದ ಬಗೆಯನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಚಾರಿತ್ರಿಕ ಹಿನ್ನೆಲೆ

ಈ ಪ್ರದೇಶದ ಆಡಳಿತ ಪರಂಪರೆ ಏಕರೂಪವಾದುದಲ್ಲ. ಚಿಕ್ಕೋಡಿ ಮತ್ತು ಅಥಣಿ ಮುಂಬಯಿ ಪ್ರಾಂತದ ಬೆಳಗಾವಿ ಜಿಲ್ಲೆಗೆ ಸೇರಿದ್ದರೆ, ರಾಯಬಾಗ ಕೊಲ್ಹಾಪುರ ಸಂಸ್ಥಾನದ ಭಾಗವಾಗಿತ್ತು. 1949ರ ವಿಲೀನದ ನಂತರವೇ ಅದು ಮುಂಬಯಿ ರಾಜ್ಯದ ಆಡಳಿತಕ್ಕೆ ಬಂದಿತು. 1956ರಲ್ಲಿ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯವನ್ನು ಸೇರಿತು. ನಿಪ್ಪಾಣಿಯು ಚಿಕ್ಕೋಡಿಯಿಂದಲೂ ಕಾಗವಾಡವು ಅಥಣಿಯಿಂದಲೂ ಬೇರ್ಪಟ್ಟು 2018ರಲ್ಲಿ ಪ್ರತ್ಯೇಕ ತಾಲೂಕುಗಳಾಗಿ ಕಾರ್ಯಾರಂಭ ಮಾಡಿದವು. ಮುಂಬಯಿ ಪದ್ಧತಿಯ ಪ್ರಭಾವ ಜನರ ಮಾತಿನಲ್ಲಿ ಇಂದಿಗೂ ಉಳಿದಿದೆ. ಪಹಣಿಗೆ ಇಲ್ಲಿ ‘ಉತಾರ’, ಗ್ರಾಮಲೆಕ್ಕಿಗನಿಗೆ ‘ತಲಾಠಿ’, ಸಾಲದ ನಮೂದಿಗೆ ‘ಬೋಜಾ’ ಎನ್ನುವುದು ರೂಢಿ. ಹಳೆಯ ಕಾಗದಪತ್ರಗಳಲ್ಲಿ ಮೋಡಿ ಲಿಪಿಯ ಬಳಕೆಯೂ ಇದೆ.

ಆನುವಂಶಿಕ ಗ್ರಾಮಾಧಿಕಾರವನ್ನು ರದ್ದುಗೊಳಿಸಿದ ಶಾಸನ 1961ರಲ್ಲಿ ಬಂದಿತು. ಆದರೂ ಲೇಖನಿ ಮತ್ತು ದಫ್ತರ ಒಬ್ಬನ ಕೈಯಲ್ಲೇ ಉಳಿದವು. ಕುಲಕರ್ಣಿಯ ಸ್ಥಾನಕ್ಕೆ ಸರ್ಕಾರಿ ನೌಕರ ಬಂದನಷ್ಟೆ. ಬರೆಯುವವನೂ, ಕಾಯುವವನೂ, ನಕಲು ಕೊಡುವವನೂ ಒಬ್ಬನೇ ಆಗಿದ್ದುದು ಆ ವ್ಯವಸ್ಥೆಯ ಮೂಲ ದೌರ್ಬಲ್ಯ.

ತಾತ್ತ್ವಿಕ ನೆಲೆ

1961ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಒಂದೇ ಗಣಕವನ್ನು ಹಲವರು ಏಕಕಾಲಕ್ಕೆ ಬಳಸುವ ವ್ಯವಸ್ಥೆಯೊಂದು ಪ್ರದರ್ಶಿತವಾಯಿತು. ಒಬ್ಬನ ಕಡತವನ್ನು ಮತ್ತೊಬ್ಬನಿಂದ ರಕ್ಷಿಸಲು ಅಲ್ಲಿ ಗುಪ್ತಪದದ ಬಳಕೆ ಬಂದಿತು. ಮುಂದೆ ಯುನಿಕ್ಸ್ ವ್ಯವಸ್ಥೆಯು ಕಡತದ ಒಡೆಯ, ಅವನ ಗುಂಪು ಮತ್ತು ಇತರರು ಎಂಬ ಮೂರು ವರ್ಗಗಳಿಗೆ ಓದುವ, ಬರೆಯುವ, ನಡೆಸುವ ಅನುಮತಿಗಳನ್ನು ಬೇರೆ ಬೇರೆಯಾಗಿ ಹಂಚಿತು. ಸಾಲ್ಟ್ಜರ್ ಮತ್ತು ಶ್ರೋಡರ್ ಎಂಬ ವಿದ್ವಾಂಸರು 1975ರ ತಮ್ಮ ಪ್ರಬಂಧದಲ್ಲಿ ಇದರ ತತ್ತ್ವವನ್ನು ನಿರೂಪಿಸಿದರು. ಪ್ರತಿಯೊಬ್ಬ ಬಳಕೆದಾರನಿಗೂ ಅವನ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರವಿರಬೇಕು, ಮಹತ್ತ್ವದ ಕಾರ್ಯ ಒಬ್ಬನ ಕೈಯಿಂದಲೇ ಪೂರ್ಣಗೊಳ್ಳಬಾರದು ಎಂಬುದು ಅದರ ಸಾರಾಂಶ.

‘ಭೂಮಿ’ ಯೋಜನೆಯಲ್ಲಿ ಅಧಿಕಾರ ವಿಭಜನೆ

ಕರ್ನಾಟಕದ ಕಂದಾಯ ಇಲಾಖೆಯು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ನೆರವಿನಿಂದ ರೂಪಿಸಿದ ‘ಭೂಮಿ’ ಯೋಜನೆ 2001ರ ಸುಮಾರಿಗೆ ತಾಲೂಕು ಕೇಂದ್ರಗಳಲ್ಲಿ ನೆಲೆಗೊಂಡಿತು. ಸುಮಾರು 67 ಲಕ್ಷ ರೈತರಿಗೆ ಸಂಬಂಧಿಸಿದ 2 ಕೋಟಿಯಷ್ಟು ಪಹಣಿಗಳು ಗಣಕಕ್ಕೆ ಸೇರಿದವು. ಅಂದಿನ 177 ತಾಲೂಕುಗಳಲ್ಲಿ ಕೈಬರಹದ ಪಹಣಿಯ ವಿತರಣೆ ನಿಂತು, ಗಣಕದ ಪ್ರತಿಗೆ ಆರಂಭದಲ್ಲಿ 15 ರೂಪಾಯಿ ಶುಲ್ಕ ನಿಗದಿಯಾಯಿತು.

ಇಲ್ಲಿ ಗಮನಾರ್ಹವಾದುದು ಯಂತ್ರಕ್ಕಿಂತ ಅಧಿಕಾರದ ಹಂಚಿಕೆ. ಹಕ್ಕು ಬದಲಾವಣೆಯ ಅರ್ಜಿ ಕಿಂಡಿಯಲ್ಲಿ ದಾಖಲಾದೊಡನೆ ಅದಕ್ಕೆ ಸರದಿ ಸಂಖ್ಯೆ ಬೀಳುತ್ತದೆ. ಮೊದಲು ಬಂದ ಅರ್ಜಿ ಮೊದಲು ಎಂಬ ಕ್ರಮವನ್ನು ತಂತ್ರಾಂಶವೇ ಪಾಲಿಸುವಂತೆ ರೂಪಿಸಿದ್ದುದರಿಂದ, ಬೇಕಾದವರ ಕಾಗದವನ್ನು ಮೇಲಕ್ಕೆ ತರುವ ಅವಕಾಶ ಕಿಂಡಿಯ ನೌಕರನಿಗೆ ಉಳಿಯಲಿಲ್ಲ. ನೋಟೀಸು ಹೊರಟ ಮೇಲೆ ತಕರಾರಿಗೆ ನಿಗದಿತ ಅವಧಿ ಇರುತ್ತದೆ. ತಕರಾರಿಲ್ಲದಿದ್ದರೆ ಕಂದಾಯ ನಿರೀಕ್ಷಕನ ಆದೇಶ. ಇದ್ದರೆ ಮೇಲಧಿಕಾರಿಯ ವಿಚಾರಣೆ. ಆದೇಶವನ್ನು ಗಣಕಕ್ಕೆ ಸೇರಿಸುವವನು ಒಬ್ಬ, ಅದನ್ನು ತಾಳೆ ನೋಡಿ ಅಂಗೀಕರಿಸುವವನು ಮತ್ತೊಬ್ಬ. ಗುಪ್ತಪದ ಕದ್ದುಹೋಯಿತೆಂಬ ನೆಪಕ್ಕೆ ಎಡೆಯಿರದಂತೆ ಬೆರಳಚ್ಚಿನ ಗುರುತನ್ನು ಕಡ್ಡಾಯಗೊಳಿಸಲಾಯಿತು. ಯಾವ ನಮೂದು ಯಾರ ಬೆರಳಿನಿಂದ ಬಂದಿತೆಂಬುದು ಹೀಗೆ ದಾಖಲೆಯಲ್ಲಿ ಉಳಿಯುವಂತಾಯಿತು. ರೈತನ ಕಡೆಗೂ ಒಂದು ಪರದೆಯನ್ನು ಇಟ್ಟುದರಿಂದ ಆತ ನೋಡಬಲ್ಲ, ತಿದ್ದಲಾರ. ಓದುವ ಹಕ್ಕು ವಿಸ್ತರಿಸಿ ಬರೆಯುವ ಹಕ್ಕು ಸಂಕುಚಿತವಾದುದು ಈ ವ್ಯವಸ್ಥೆಯ ತಿರುಳು.

ಪಹಣಿಯ ನಮೂದಿನ ಬೆಲೆ

ಈ ಬಿಗಿ ಏಕೆ ಅಗತ್ಯವೆಂಬುದಕ್ಕೆ ಉತ್ತರ ಕಾನೂನಿನಲ್ಲಿಯೇ ಇದೆ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 133ನೆಯ ಪ್ರಕರಣದ ಮೇರೆಗೆ ಹಕ್ಕುದಾಖಲೆಯ ನಮೂದು, ವಿರುದ್ಧವಾದುದು ಸಿದ್ಧವಾಗುವವರೆಗೆ, ನಿಜವೆಂದೇ ಭಾವಿಸಲ್ಪಡುತ್ತದೆ. ಪಹಣಿಯ 9ನೆಯ ಅಂಕಣದಲ್ಲಿ ಖಾತೆದಾರನ ಹೆಸರಿದೆ, 11ನೆಯದರಲ್ಲಿ ಹಕ್ಕು ಮತ್ತು ಋಣಗಳಿವೆ. ಕೃಷ್ಣಾ ತೀರದ ಕಬ್ಬು ಬೆಳೆಗಾರನಾಗಲಿ ನಿಪ್ಪಾಣಿಯ ತಂಬಾಕು ಬೆಳೆಗಾರನಾಗಲಿ ಬೆಳೆಸಾಲಕ್ಕೆ ಹೋದಾಗ ಮೊದಲು ಕೇಳುವುದು ಉತಾರವನ್ನೇ. ತೀರಿದ ಸಾಲದ ಬೋಜಾ ಇಳಿಯದೆ ಉಳಿದರೆ ಹೊಸ ಸಾಲಕ್ಕೆ ಅಡ್ಡಿ. ಹೆಸರಿನ ಒಂದಕ್ಷರ ತಪ್ಪಿದರೂ ಅಲೆದಾಟ.

ಬಿಗಿಯ ಮಿತಿಗಳು

ಆದರೆ ಅಧಿಕಾರದ ಮಿತಿ ಕೈಯನ್ನು ಕಟ್ಟಬಲ್ಲುದೇ ಹೊರತು ನಮೂದಿನ ಸತ್ಯವನ್ನು ಖಾತ್ರಿಪಡಿಸಲಾರದು. ಕೈಬರಹದ ಪಹಣಿಯಲ್ಲಿದ್ದ ತಪ್ಪು ಗಣಕಕ್ಕೆ ಸೇರಿದಾಗ ಅದಕ್ಕೂ ಅಷ್ಟೇ ಬಲವಾದ ಬೀಗ ಬೀಳುತ್ತದೆ. ಮೊದಲು ಊರಿನಲ್ಲಿಯೇ ಮುಗಿಯಬಹುದಾಗಿದ್ದ ತಿದ್ದುಪಡಿಗೆ ಈಗ ತಹಶೀಲ್ದಾರ ಕಛೇರಿಯ ಆದೇಶ ಬೇಕು. ಆದೇಶದಿಂದ ಬಾಧಿತನಾದವನು ಉಪವಿಭಾಗಾಧಿಕಾರಿಗೆ ಮೇಲ್ಮನವಿ ಸಲ್ಲಿಸಬೇಕು.

ವಾರಸಾ ಪ್ರಕರಣಗಳಲ್ಲಿ ಈ ಮಿತಿ ಇನ್ನಷ್ಟು ಸ್ಪಷ್ಟ. 1994ರ ರಾಜ್ಯ ತಿದ್ದುಪಡಿಯೂ 2005ರ ಕೇಂದ್ರ ತಿದ್ದುಪಡಿಯೂ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಜನ್ಮಸಿದ್ಧ ಹಕ್ಕನ್ನು ಒದಗಿಸಿವೆ. ಆದರೆ ಸಲ್ಲಿಸಿದ ವಂಶಾವಳಿಯಲ್ಲಿ ಮಗಳ ಹೆಸರನ್ನೇ ಬಿಟ್ಟಿದ್ದರೆ ತಂತ್ರಾಂಶಕ್ಕೆ ಅದು ತಿಳಿಯುವುದಿಲ್ಲ. ಬೆರಳಚ್ಚುಗಳು ಕ್ರಮಬದ್ಧ, ಸರದಿ ಕ್ರಮಬದ್ಧ, ಹಕ್ಕು ಮಾತ್ರ ತಪ್ಪಿಹೋಗುತ್ತದೆ. ಅವಳನ್ನು ಕಾಯುವುದು ಆ ನೋಟೀಸು. ಅದು ಗಡಿಯಾಚೆ ಮೀರಜಿಗೋ ಕೊಲ್ಹಾಪುರಕ್ಕೋ ಲಗ್ನವಾಗಿ ಹೋದವಳಿಗೆ ತಲುಪಿದರೆ ಮಾತ್ರ ಸಾರ್ಥಕ.

ಉಪಸಂಹಾರ

ಒಬ್ಬನ ಕೈಯಲ್ಲಿದ್ದ ಅಧಿಕಾರವನ್ನು ಬಿಡಿಸಿ ಹಲವರಲ್ಲಿ ಹಂಚಿದುದು, ಪ್ರತಿ ನಮೂದಿಗೂ ಹೊಣೆಗಾರನನ್ನು ಗುರುತಿಸಿದುದು ‘ಭೂಮಿ’ಯ ಸಾಧನೆ. ಗಣಕೀಕರಣಪೂರ್ವದ ತಪ್ಪುಗಳನ್ನು ಮೂಲ ಕಡತಗಳೊಡನೆ ಹೋಲಿಸಿ ಸರಿಪಡಿಸುವ ಕಾರ್ಯಕ್ಕೆ ಮೋಡಿ, ಮರಾಠಿ ಮತ್ತು ಕನ್ನಡ ಮೂರನ್ನೂ ಬಲ್ಲವರ ಅಗತ್ಯವಿದೆ. ಹಳೆಯ ದಫ್ತರಗಳು ನಶಿಸಿದರೆ ಹೋಲಿಕೆಗೆ ಆಧಾರವೇ ಇಲ್ಲದಂತಾಗುವುದರಿಂದ, ಗಣಕದ ಬೀಗವನ್ನು ಭದ್ರಪಡಿಸುವಷ್ಟೇ ಕಾಳಜಿಯಿಂದ ಆ ಕಾಗದಗಳನ್ನೂ ಕಾಯ್ದುಕೊಳ್ಳಬೇಕಾಗಿದೆ.