ಬೀಪ್ ಬಂತಾ? ಹಂಗಾದ್ರೆ ಜೀವ ಐತೆ

ಜೆರಾಕ್ಸ್ ಅಂಗಡಿಯ ಹುಡುಗ ಪ್ರಿಂಟರ್ ಹೊತ್ತು ತಂದಿರಲಿಲ್ಲ. ಅದರಿಂದ ಬಂದ ಒಂದು ಹಾಳೆಯನ್ನಷ್ಟೇ ಮಡಚಿ ಜೇಬಿನಲ್ಲಿಟ್ಟುಕೊಂಡು ಬಂದಿದ್ದ. ಯಾರದೋ ಪಹಣಿ. ಬಲಗಡೆ ಅಂಚಿನಲ್ಲಿ ಒಂದರ ಕೆಳಗೊಂದು ನಾಲ್ಕು ಕಪ್ಪು ಚುಕ್ಕೆ. ರಿಪೇರಿ ಅಂಗಡಿಯವರು ಏನೂ ಕೇಳದೆ ಸ್ಕೇಲ್ ತೆಗೆದು ಚುಕ್ಕೆಯಿಂದ ಚುಕ್ಕೆಗೆ ಅಳೆದರು. ‘ಏಳೂವರೆ. ಡ್ರಮ್ ಹೋಗೈತೆ ಕಣಪ್ಪ. ಟೋನರ್ ತುಂಬ್ಸಕ್ಕೆ ಹೋಗ್ಬೇಡ, ದುಡ್ಡು ದಂಡ.’

ದೊಡ್ಡಬಳ್ಳಾಪುರದ ಪೇಟೆಯ ಸಂದಿಯೊಂದರಲ್ಲಿರುವ ಈ ಕಂಪ್ಯೂಟರ್ ರಿಪೇರಿ ಅಂಗಡಿಯ ಬಗ್ಗೆ ಬರೆಯಬೇಕೆನ್ನಿಸಿದ್ದೇ ಈ ಸ್ಕೇಲಿನಿಂದಾಗಿ. ಪಹಣಿ, ಆಧಾರ್, ಬಸ್ ಪಾಸ್ ಅರ್ಜಿ ಎಂದು ನಾವು ನಿಲ್ಲುವ ಜೆರಾಕ್ಸ್ ಅಂಗಡಿಗಳಲ್ಲಿ ಬಹುಪಾಲು ಕಾಣುವುದು ಎಚ್‌ಪಿ 1020, ಇಲ್ಲವೇ ಕ್ಯಾನನ್ 2900. ಎರಡರ ಹೊಟ್ಟೆಯಲ್ಲೂ ಹೆಚ್ಚುಕಡಿಮೆ ಒಂದೇ ಜಾತಿಯ ಕಾರ್ಟ್ರಿಜ್. ಪೇಟೆಯವರ ಬಾಯಲ್ಲಿ ‘ಟ್ವೆಲ್ ಎ’. ಅದರೊಳಗಿನ ಡ್ರಮ್ಮಿನ ವ್ಯಾಸ ಸುಮಾರು 24 ಮಿಲಿಮೀಟರ್, ಸುತ್ತಳತೆ ಸುಮಾರು 75. ಒಂದು ಎ4 ಹಾಳೆ ಹೊರಬರುವಷ್ಟರಲ್ಲಿ ಅದು ಹತ್ತಿರ ಹತ್ತಿರ ನಾಲ್ಕು ಸುತ್ತು ತಿರುಗಿರುತ್ತದೆ. ಮೈಮೇಲೆ ಒಂದು ಗಾಯವಾಗಿದ್ದರೆ ಸುತ್ತಿಗೊಂದು ಚುಕ್ಕೆ ಬೀಳುತ್ತದೆ. ಚುಕ್ಕೆಗಳು ಇನ್ನೂ ಒತ್ತೊತ್ತಾಗಿ ಬಿದ್ದರೆ ದೋಷ ಸಣ್ಣ ರೋಲರಿನದು. ಚುಕ್ಕೆಯ ಬದಲು ಹಾಳೆಯುದ್ದಕ್ಕೂ ಗೆರೆ ಎಳೆದಂತಿದ್ದರೆ ಬ್ಲೇಡ್ ಸವೆದಿದೆ, ಅಥವಾ ಡ್ರಮ್ಮಿಗೆ ಸುತ್ತಲೂ ಗೀರಾಗಿದೆ. ಅಕ್ಷರ ಸರಿಯಾಗೇ ಬಂದು, ಬೆರಳಾಡಿಸಿದರೆ ಅಳಿಸಿಹೋಗುತ್ತದೆಯೋ? ಪುಡಿಯನ್ನು ಬಿಸಿಗೆ ಕರಗಿಸಿ ಕಾಗದಕ್ಕೆ ಅಂಟಿಸುವ ಭಾಗ ಕೆಲಸ ಮಾಡುತ್ತಿಲ್ಲ, ಹೆಚ್ಚಿನ ಸಲ ‘ಟೆಫ್ಲಾನ್’ ಹರಿದಿದೆ. ಇಷ್ಟನ್ನೂ ಅವರು ಪ್ರಿಂಟರ್ ಮುಟ್ಟದೆ ಹೇಳುತ್ತಾರೆ.

ವಯಸ್ಸು ಐವತ್ತು ದಾಟಿದೆ. ಹೆಸರು ಬರೆಯಬೇಡಿ ಎಂದರು. ‘ಪೇಪರ್ನಾಗೆ ಹೆಸ್ರು ಬಂದ್ರೆ ನೆಂಟ್ರು ಜಾಸ್ತಿ ಆಗ್ತಾರೆ ಸಾರ್. ನೆಂಟ್ರತ್ರ ದುಡ್ಡು ಕೇಳಕ್ಕಾಗಲ್ಲ.’ ಹಾಗಾಗಿ ಊರಿನವರು ಕರೆಯುವಂತೆ ನಾನೂ ಅಣ್ಣ ಎಂದೇ ಬರೆಯುತ್ತೇನೆ.

ಸ್ಕೇಲ್ ಇಡುವುದನ್ನು ಎಲ್ಲಿ ಕಲಿತಿರಿ ಎಂದರೆ ಅಣ್ಣ ತೋರಿಸಿದ್ದು ಎದುರು ಮನೆಯ ಕಡೆಗೆ. ಅಲ್ಲಿಂದ ವಿದ್ಯುತ್ ಮಗ್ಗದ ಸದ್ದು ಬರುತ್ತಿತ್ತು. ದೊಡ್ಡಬಳ್ಳಾಪುರ ಮೊದಲಿಂದಲೂ ನೇಯ್ಗೆಯ ಊರು, ರೇಷ್ಮೆ ಸೀರೆಯ ಊರು. ಅಣ್ಣ ಹರೆಯದಲ್ಲಿ ಮನೆಮನೆಗೆ ಹೋಗಿ ಜಕಾರ್ಡ್ ಕೂರಿಸುತ್ತಿದ್ದವರು. ಮಗ್ಗದ ನೆತ್ತಿಯ ಮೇಲೆ ಕೂತು, ಯಾವ ಎಳೆ ಮೇಲೇಳಬೇಕು ಯಾವುದು ಕೆಳಗಿರಬೇಕು ಎಂದು ತೀರ್ಮಾನಿಸುವ ಯಂತ್ರ ಅದು. ರಟ್ಟಿನ ಕಾರ್ಡುಗಳನ್ನು ದಾರದಲ್ಲಿ ಹೊಲಿದು ಸರಮಾಲೆ ಮಾಡಿರುತ್ತಾರೆ. ಒಂದು ಕಾರ್ಡಿಗೆ ಒಂದು ಸಲ ಲಾಳಿ ಓಡುತ್ತದೆ. ತೂತು ಇದ್ದಲ್ಲಿ ಹುಕ್ ಎಳೆಯನ್ನು ಎತ್ತುತ್ತದೆ, ಇಲ್ಲದಿದ್ದಲ್ಲಿ ಸುಮ್ಮನಿರುತ್ತದೆ.

‘ಸೀರೇಲಿ ಉದ್ದುಕ್ಕೂ ಗೆರೆ ಬಂದ್ರೆ ಹುಕ್ ನೋಡ್ಬೇಕು, ಇಲ್ಲ ದಾರ ಕಿತ್ತೋಗಿರ್ತದೆ. ಅಡ್ಡಕ್ಕೆ ಬಂದು, ಬುಟ್ಟಾ ಬುಟ್ಟಾಕ್ಕೂ ಅದೇ ಜಾಗ್ದಲ್ಲಿ ಬಂದ್ರೆ ಕಾರ್ಡ್ ಹರ್ದಿರ್ತದೆ. ಎಲ್ಲೆಂದ್ರಲ್ಲಿ ಬಂದ್ರೆ ನೇಯೋನ್ನ ನೋಡ್ಬೇಕು’ ಎಂದು ನಕ್ಕರು. ಬಟ್ಟೆಯ ಮೇಲಿನ ತಪ್ಪು ಎಷ್ಟು ದೂರಕ್ಕೊಮ್ಮೆ ಬರುತ್ತದೆ ಎಂದು ಅಳೆದರೆ ಯಂತ್ರದೊಳಗೆ ಕೆಟ್ಟದ್ದು ಯಾವುದು ಎಂದು ಗೊತ್ತಾಗುತ್ತದೆ. ಸೀರೆಯ ಜಾಗಕ್ಕೆ ಎ4 ಹಾಳೆ ಬಂದಿದೆ, ಅಷ್ಟೆ. ಇದನ್ನು ಇಂಜಿನಿಯರಿಂಗ್ ಕಾಲೇಜಿನಲ್ಲಿ ಯಾವ ಸೆಮಿಸ್ಟರಿನಲ್ಲಿ ಹೇಳಿಕೊಡುತ್ತಾರೋ, ನನಗಂತೂ ಹೇಳಿಕೊಟ್ಟಿರಲಿಲ್ಲ.

ಇತಿಹಾಸದ ಪುಸ್ತಕದಲ್ಲೂ ಮಗ್ಗ, ಕಂಪ್ಯೂಟರ್ ಎರಡೂ ನೆಂಟರೇ. ಫ್ರಾನ್ಸಿನ ಜೋಸೆಫ್ ಮರೀ ಜಕಾರ್ಡ್ 1804ರ ಸುಮಾರಿಗೆ ರೂಪಿಸಿದ ಮಗ್ಗದ ಕಾರ್ಡುಗಳನ್ನೇ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ಬಳಸಲು ಹೊರಟಿದ್ದ. ತೂತು ಕಾರ್ಡನ್ನೇ ನೆಚ್ಚಿ ಹರ್ಮನ್ ಹಾಲರಿತ್ ಅಮೆರಿಕದ 1890ರ ಜನಗಣತಿಯ ಲೆಕ್ಕ ಮಾಡಿದ. ಅಣ್ಣನಿಗೆ ಇದನ್ನು ಹೇಳಿದೆ. ‘ಹಂಗಾದ್ರೆ ನಾನು ಕಸುಬು ಬದ್ಲಾಯ್ಸೇ ಇಲ್ಲ ಬಿಡಿ’ ಎಂದರು.

ಈ ಕಡೆ ಕಂಪ್ಯೂಟರ್ ಬಂದ ಬಗೆಯನ್ನು ಹೇಳಿದವರು ಪಕ್ಕದ ಬೀದಿಯ ಮಗ್ಗದ ಮನೆಯ ಯಜಮಾನರು. ಅವರ ಲೆಕ್ಕದಲ್ಲಿ ಇಸವಿಗಳಿಲ್ಲ. ಮೊದಲು ಟೈಪಿಂಗ್ ಇನ್‌ಸ್ಟಿಟ್ಯೂಟ್‌ನವರು ತಂದರು, ಆಮೇಲೆ ಮದುವೆ ಕಾರ್ಡ್ ಅಚ್ಚು ಹಾಕುವವರು, ಆಮೇಲೆ ತಾಲ್ಲೂಕು ಕಚೇರಿ. ಕೊನೆಯದಕ್ಕೆ ಇಸವಿ ನಾನೇ ಸೇರಿಸಬಹುದು: ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಹೋದದ್ದು 2000ದ ಆಸುಪಾಸಿನಲ್ಲಿ. ಗ್ರಾಮ ಲೆಕ್ಕಿಗರ ಕೈಬರಹ ಹೋಗಿ ಪ್ರಿಂಟ್ ಬಂತು. ಪ್ರಿಂಟ್ ಬಂದ ಮೇಲೆ, ಪ್ರಿಂಟರ್ ಕೆಟ್ಟರೆ ಜಮೀನಿನ ಕೆಲಸವೂ ನಿಲ್ಲುತ್ತದೆ ಎಂಬುದು ಊರಿಗೆ ಅರ್ಥವಾಯಿತು. ಮಗ್ಗಗಳಿಗೆ ಎಲೆಕ್ಟ್ರಾನಿಕ್ ಜಕಾರ್ಡ್ ಬಂದದ್ದು ಇನ್ನೂ ಆಮೇಲೆ. ರಟ್ಟಿನ ಕಾರ್ಡಿನ ರಾಶಿ ಅಟ್ಟ ಸೇರಿತು, ಡಿಸೈನು ಪೆನ್‌ಡ್ರೈವಿಗೆ ಇಳಿಯಿತು. ಜಕಾರ್ಡ್ ಅಣ್ಣ ಕಂಪ್ಯೂಟರ್ ಅಣ್ಣ ಆದದ್ದು ಆ ಸಂಧಿಕಾಲದಲ್ಲಿ.

ಪೆನ್‌ಡ್ರೈವ್ ಎಂದೆನಲ್ಲ, ಇವತ್ತಿಗೂ ಅಂಗಡಿಗೆ ಅದು ದಿನದ ಗಿರಾಕಿ. ಮಗ್ಗದ ಹಳೆಯ ಕಂಟ್ರೋಲರುಗಳು ಎಫ್‌ಎಟಿ 32 ಎಂಬ ಹಳೇ ಫಾರ್ಮ್ಯಾಟ್ ಒಂದನ್ನೇ ಓದುತ್ತವೆ. ಅಗ್ಗಕ್ಕೆ ಸಿಕ್ಕಿತೆಂದು 64 ಜಿಬಿಯದು ತಂದು ಚುಚ್ಚಿದರೆ ಮಗ್ಗ ಸುಮ್ಮನೆ ನೋಡುತ್ತದೆ. ವಿಂಡೋಸಿನ ಮಾಮೂಲಿ ಫಾರ್ಮ್ಯಾಟ್ ಕಿಟಕಿ 32 ಜಿಬಿಗಿಂತ ದೊಡ್ಡದನ್ನು ಆ ಫಾರ್ಮ್ಯಾಟಿಗೆ ತರಲು ಬಹುಕಾಲ ಒಪ್ಪುತ್ತಲೇ ಇರಲಿಲ್ಲ. ಅಣ್ಣನ ಡ್ರಾಯರಿನಲ್ಲಿ 4 ಜಿಬಿಯ ಹಳೇ ಪೆನ್‌ಡ್ರೈವುಗಳು ಜೋಪಾನವಾಗಿವೆ.

ಇನ್ನು ‘ಆನ್ ಆಗ್ತಿಲ್ಲ’. ದಿನಕ್ಕೆ ಹೆಚ್ಚು ಸಲ ಕೇಳಿಬರುವ ದೂರು ಇದೇ, ಅಣ್ಣ ನಂಬದ ದೂರೂ ಇದೇ. ಫ್ಯಾನ್ ತಿರುಗಿ ಪರದೆ ಕಪ್ಪಗಿದ್ದರೂ ಜನ ಹಾಗೇ ಹೇಳುತ್ತಾರೆ, ವಿಂಡೋಸ್ ಅರ್ಧಕ್ಕೆ ನಿಂತರೂ ಹಾಗೇ ಹೇಳುತ್ತಾರೆ, ಮಾನಿಟರಿನ ವೈರ್ ಸಡಿಲವಾಗಿದ್ದರೂ ಅದೇ ಮಾತು. ಅವರು ಮೊದಲು ಕೇಳುವುದು ‘ಬೀಪ್ ಬಂತಾ?’ ಎಂದು. ಈಗಿನ ಎಷ್ಟೋ ಪೆಟ್ಟಿಗೆಗಳಲ್ಲಿ ಬೀಪ್ ಎನ್ನಲು ಸ್ಪೀಕರೇ ಇರುವುದಿಲ್ಲ. ಅದಕ್ಕೆ ಅಂಗಿ ಜೇಬಿನಲ್ಲಿ ಹುಣಸೆಬೀಜದಷ್ಟು ದಪ್ಪದ ಸ್ಪೀಕರೊಂದಿರುತ್ತದೆ, ತುದಿಗೆ ನಾಲ್ಕು ಪಿನ್ನಿನ ಪ್ಲಗ್. ಅದನ್ನು ಮದರ್‌ಬೋರ್ಡಿಗೆ ಸಿಕ್ಕಿಸಿ, ರ‍್ಯಾಮ್ ಪೂರ್ತಿ ಕಿತ್ತು, ಸ್ವಿಚ್ ಒತ್ತುತ್ತಾರೆ. ಇರುವುದನ್ನೂ ಕಿತ್ತು ನೋಡುವುದೇಕೆ? ರ‍್ಯಾಮ್ ಇಲ್ಲ ಎಂದು ಬೋರ್ಡು ಕೂಗಿಕೊಂಡಿತೋ, ಬೋರ್ಡಿಗೂ ಪ್ರೊಸೆಸರಿಗೂ ಜೀವವಿದೆ, ತೊಂದರೆ ರ‍್ಯಾಮಿನದು ಅಥವಾ ಅದರಿಂದಾಚೆಗಿನದು. ಕೂಗಲಿಲ್ಲವೋ, ಹುಡುಕಬೇಕಾದ್ದು ಈಚೆ ಕಡೆ. ಒಂದೇ ಏಟಿಗೆ ಯಂತ್ರ ಎರಡು ಪಾಲಾಯಿತು.

ಬೀಪ್ ಬಂತೆನ್ನಿ. ಆಗ ಹೊರಬರುವುದು ಶಾಲೆ ಮಕ್ಕಳ ರಬ್ಬರ್. ರ‍್ಯಾಮಿನ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಕೂತ ಮಬ್ಬನ್ನು ರಬ್ಬರಿನಿಂದ ಮೆಲ್ಲಗೆ, ಒಂದೇ ದಿಕ್ಕಿಗೆ ಉಜ್ಜುತ್ತಾರೆ. ಪುಡಿಯನ್ನು ಬ್ರಷ್‌ನಲ್ಲಿ ಕೊಡವುತ್ತಾರೆ. ಬಾಯಿಂದ ಊದಿದರೆ ಎಂಜಲು ಹಾರುತ್ತದೆಂದು ಬೈಗುಳ. ಒಂದೊಂದೇ ರ‍್ಯಾಮನ್ನು ಒಂದೊಂದೇ ಸ್ಲಾಟಿಗೆ ಹಾಕಿ ನೋಡುತ್ತಾರೆ. ಅರ್ಧಕ್ಕರ್ಧ ಯಂತ್ರಗಳು ಇಲ್ಲೇ ಎದ್ದು ಕೂರುತ್ತವಂತೆ. ಇದಕ್ಕೆ ನೂರು ರೂಪಾಯಿ ಕೇಳಿದರೆ ‘ಬರೀ ರಬ್ಬರ್ ಉಜ್ಜಿದ್ದಕ್ಕಾ?’ ಎನ್ನುವವರೂ ಇದ್ದಾರೆ.

ಬೀಪ್ ಬರಲಿಲ್ಲವಾದರೆ ನೋಡಬೇಕಾದ್ದು ಎಸ್‌ಎಂಪಿಎಸ್, ಅಂದರೆ ಯಂತ್ರಕ್ಕೆ ಕರೆಂಟ್ ಕೊಡುವ ಪೆಟ್ಟಿಗೆ. ದಪ್ಪ ಪ್ಲಗ್ಗಿನ ಹಸಿರು ವೈರನ್ನೂ ಕಪ್ಪು ವೈರನ್ನೂ ಕಾಗದದ ಕ್ಲಿಪ್ಪಿನಿಂದ ಸೇರಿಸಿದರೆ ಅದು ಬೋರ್ಡಿನ ಹಂಗಿಲ್ಲದೆ ಚಾಲೂ ಆಗುತ್ತದೆ. ಫ್ಯಾನ್ ತಿರುಗಿದ ಮಾತ್ರಕ್ಕೆ ಅಣ್ಣ ಒಪ್ಪುವುದಿಲ್ಲ. ಮೀಟರ್ ಹಚ್ಚಿ ಹಳದಿಯಲ್ಲಿ 12 ವೋಲ್ಟ್, ಕೆಂಪಿನಲ್ಲಿ 5, ಕಿತ್ತಳೆಯಲ್ಲಿ 3.3 ಇದೆಯೇ ನೋಡುತ್ತಾರೆ. ಹನ್ನೆರಡು ಇರಬೇಕಾದಲ್ಲಿ 11.4ಕ್ಕಿಂತ ಕೆಳಗಿಳಿದರೆ ಬೇರೆಯದು ಹಾಕುತ್ತಾರೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ಮಾರನೇ ದಿನ ಅಂಗಡಿ ಮುಂದೆ ಸಾಲು. ಸಿಡಿಲು ಕರೆಂಟಿನ ವೈರಿನಿಂದ ಬಂದರೆ ಎಸ್‌ಎಂಪಿಎಸ್ ಪ್ರಾಣ ಕೊಟ್ಟಾದರೂ ತಡೆದೀತು, ಇಂಟರ್‌ನೆಟ್ ವೈರಿನಿಂದ ಬಂದರೆ ಸೀದಾ ಬೋರ್ಡಿಗೆ ಹೋಗುತ್ತದೆ. ಪ್ಲಗ್ ಕಿತ್ತವರು ಅದನ್ನು ಕೀಳಲು ಮರೆತಿರುತ್ತಾರೆ.

ನನಗೆ ಬಹಳ ಮೆಚ್ಚಿಗೆಯಾದದ್ದು ಬ್ಯಾಟರಿಯ ಪ್ರಕರಣ. ಹಳ್ಳಿಯೊಂದರ ಸೇವಾ ಕೇಂದ್ರದಲ್ಲಿ ಬೆಳಗ್ಗೆಯಿಂದ ಯಾವ ಸರ್ಕಾರಿ ವೆಬ್‌ಸೈಟೂ ತೆರೆಯುತ್ತಿಲ್ಲ. ಪಿಂಚಣಿ ಅರ್ಜಿಗೆ ಬಂದ ಅಜ್ಜಿಯರು ಜಗಲಿ ಮೇಲೆ ಕಾಯುತ್ತಿದ್ದಾರೆ. ಸರ್ವರ್ ಡೌನ್ ಎಂದು ಎಲ್ಲರೂ ಸರ್ಕಾರವನ್ನು ಬಯ್ಯುತ್ತಿದ್ದಾರೆ. ಅಣ್ಣ ಫೋನಿನಲ್ಲೇ ಕೇಳಿದರು, ‘ಮೂಲೇಲಿ ತಾರೀಕು ಏನ್ ತೋರಿಸ್ತೈತೆ?’ ಎಷ್ಟೋ ವರ್ಷ ಹಿಂದಿನ ಜನವರಿ ಒಂದು. ಮದರ್‌ಬೋರ್ಡಿನ ಮೇಲೆ ರೂಪಾಯಿ ನಾಣ್ಯದಂಥ 3 ವೋಲ್ಟಿನ ಬ್ಯಾಟರಿ ಇರುತ್ತದೆ, ಸಿಆರ್ 2032. ಕರೆಂಟಿಲ್ಲದಾಗಲೂ ಗಡಿಯಾರ ಓಡಿಸುವುದು ಅದೇ. ಅದು ಸತ್ತರೆ ಯಂತ್ರ ಹಳೇ ಕಾಲಕ್ಕೆ ಹೋಗಿ ಕೂರುತ್ತದೆ. ಸುರಕ್ಷಿತ ವೆಬ್‌ಸೈಟುಗಳ ಪ್ರಮಾಣಪತ್ರಕ್ಕೆ ‘ಇಂಥ ದಿನದಿಂದ ಇಂಥ ದಿನದವರೆಗೆ’ ಎಂಬ ಅವಧಿ ಇರುತ್ತದಾದ್ದರಿಂದ, ಹಳೇ ತಾರೀಕಿನ ಕಂಪ್ಯೂಟರಿನಲ್ಲಿ ಬ್ರೌಸರ್ ಅದನ್ನು ನಂಬದೆ ಬಾಗಿಲು ಹಾಕುತ್ತದೆ. ತಾರೀಕು ತಿದ್ದಿಸಿದರು, ಕೆಲಸ ನಡೆಯಿತು. ಬ್ಯಾಟರಿ ಹಾಕಿದ್ದು ಸಂಜೆ.

ವೈರಸ್, ಸ್ಲೋ, ಹ್ಯಾಂಗ್ ಇವುಗಳ ಬಗ್ಗೆ ಅಣ್ಣನಿಗೆ ಉತ್ಸಾಹವಿಲ್ಲ. ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿ, ಎರಡು ಆಂಟಿವೈರಸ್ ಇದ್ದರೆ ಒಂದು ಕಿತ್ತುಹಾಕಿ, ಮುಗೀತು.

ಆದರೆ ಕನ್ನಡದ ಕಾಯಿಲೆಗೆ ಮದ್ದು ಎಲ್ಲರ ಹತ್ತಿರ ಇಲ್ಲ. ಕನ್ನಡ ಗಣಕ ಪರಿಷತ್ತಿನ ‘ನುಡಿ’, ಶೇಷಾದ್ರಿವಾಸು ಅವರ ‘ಬರಹ’ ಇಲ್ಲದಿದ್ದರೆ ನಮ್ಮ ಕಚೇರಿಗಳಲ್ಲಿ ಕನ್ನಡ ಟೈಪಾಗುತ್ತಿರಲಿಲ್ಲ, ಅದು ನಿಜ. ಯೂನಿಕೋಡ್‌ಗೆ ಮೊದಲಿನ ಫೈಲುಗಳಲ್ಲಿ ಮಾತ್ರ ಒಳಗಿರುವುದು ಇಂಗ್ಲಿಷ್ ಅಕ್ಷರ, ಮೇಲೆ ತೊಡಿಸಿರುವುದು ಕನ್ನಡದ ಅಂಗಿ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕ್ರಯಪತ್ರ ತೆರೆದರೆ ತಲೆಮೇಲೆ ಗೀಟು ಹೊತ್ತ ‘ಎ’ಗಳು, ಪೌಂಡ್ ಚಿಹ್ನೆಗಳು. ಗಾಬರಿಯಾದವರು ಫೈಲ್ ಕೆಟ್ಟಿತೆಂದು ಅಳಿಸಿಬಿಡುತ್ತಾರೆ. ಅಣ್ಣ ಅದನ್ನು ಓದುತ್ತಾರೆ! ‘ಪೌಂಡ್ ಇದ್ರೆ ನ, ದೊಡ್ಡ ಪಿ ಇದ್ರೆ ಕ, ಸಣ್ಣ ಕ್ಯೂ ಇದ್ರೆ ಡ.’ ಪರದೆಗೆ ಬೆರಳಿಟ್ಟು ಒಬ್ಬರ ಸರ್ವೆ ನಂಬರಿನ ಚಕ್ಕುಬಂದಿಯನ್ನು ತಡವರಿಸದೆ ಓದಿ ಹೇಳಿದರು. ಆಮೇಲೆ ‘ನುಡಿ 01 ಇ’ ಫಾಂಟ್ ಹಾಕಿದರು, ಓದಿದ್ದು ಸರಿಯಿತ್ತು.

ಇಂಥವರ ಕಸುಬಿಗೆ ಈಗ ಬಂದಿರುವ ಕಷ್ಟ ಗಿರಾಕಿ ಇಲ್ಲದ್ದಲ್ಲ. ಹೊಸ ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಕಿತ್ತು ಉಜ್ಜಲು ಏನೂ ಇರುವುದಿಲ್ಲ. ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಚಿಪ್ ಇರಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದ ಈಚಿನದಿರಬೇಕು. ಅಣ್ಣ ರಬ್ಬರ್ ಉಜ್ಜಿ ಬದುಕಿಸಿದ ಯಂತ್ರಗಳಲ್ಲಿ ಮೂರನೆಯ, ನಾಲ್ಕನೆಯ ತಲೆಮಾರಿನವೇ ಜಾಸ್ತಿ. ಕೆಡದೆಯೇ ಸತ್ತವು ಎಂದು ಅವನ್ನು ಬೇರೆ ಜೋಡಿಸಿಟ್ಟಿದ್ದಾರೆ. ದೇಶದ ಮೊದಲ ಅಧಿಕೃತ ಇ-ತ್ಯಾಜ್ಯ ಘಟಕ ‘ಇ-ಪರಿಸರ’ 2005ರಲ್ಲಿ ಶುರುವಾದದ್ದು ಇದೇ ಜಿಲ್ಲೆಯ ದಾಬಸ್‌ಪೇಟೆಯಲ್ಲಿ, ಅಲ್ಲಿಗೆ ಕಳಿಸಬಹುದು. ಕಳಿಸಲು ಇವರಿಗೆ ಮನಸ್ಸಿಲ್ಲ. ಇತ್ತ ದೇವನಹಳ್ಳಿ ಕಡೆ ಫಾಕ್ಸ್‌ಕಾನ್ ಕಾರ್ಖಾನೆಯಲ್ಲಿ ಐಫೋನ್ ತಯಾರಾಗುತ್ತಿದೆ. ಅಂಗಡಿಯಲ್ಲಿ ಕಲಿಯುತ್ತಿದ್ದ ಹುಡುಗ ತಿಂಗಳ ಸಂಬಳ ಸಿಗುತ್ತದೆಂದು ಕಾರ್ಖಾನೆ ಕೆಲಸಕ್ಕೆ ಹೋದ. ‘ಹೋಗ್ಲಿ ಬಿಡಿ, ಪಿಎಫ್ ಕೊಡ್ತಾರೆ’ ಎನ್ನುತ್ತಾರೆ ಅಣ್ಣ.

ನಾನಿದ್ದಾಗಲೇ ಪತ್ರಬರಹಗಾರರೊಬ್ಬರು ತಮ್ಮ ಹಳೇ ಡೆಸ್ಕ್‌ಟಾಪ್ ತಂದರು. ಹೊಸದು ಕೊಂಡಿದ್ದಾರೆ, ನೋಂದಣಿ ಇಲಾಖೆಯ ‘ಕಾವೇರಿ 2.0’ ತಂತ್ರಾಂಶ ಬಂದ ಮೇಲೆ ಎಲ್ಲವನ್ನೂ ಆನ್‌ಲೈನ್ ಏರಿಸಬೇಕಲ್ಲ. ಅಣ್ಣ ಲಿನಕ್ಸ್ ಹಾಕಿ ತೋರಿಸಿದರು. ‘ನುಡಿ’ಯಲ್ಲಿರುವ, ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆ ಅದರಲ್ಲೂ ಇದೆ, ಬೆರಳು ತಡವರಿಸುವುದಿಲ್ಲ. ಅವರು ಎರಡು ಸಾಲು ಟೈಪ್ ಮಾಡಿ ನೋಡಿ ತಲೆದೂಗಿದರು. ಆಮೇಲೆ ಹಳೇ ಪತ್ರಗಳ ಫೋಲ್ಡರ್ ತೆರೆದರು, ಪೌಂಡ್ ಚಿಹ್ನೆಗಳು.

‘ಮೊದ್ಲು ಇದ್ದಂಗೇ ಮಾಡ್ಕೊಡಣ್ಣ.’

‘ನೆಟ್ ಕೊಡ್ಬೇಡಿ ಮತ್ತೆ. ಪ್ರಿಂಟಿಗೆ ಮಾತ್ರ ಇಟ್ಕಳಿ’ ಎಂದು ಅಣ್ಣ ವಿಂಡೋಸ್ ಡಿಸ್ಕನ್ನು ವಾಪಸ್ ಹಾಕತೊಡಗಿದರು. ಎಷ್ಟಾಯಿತು ಎಂದು ಪತ್ರಬರಹಗಾರರು ಕೇಳಿದ್ದಕ್ಕೆ, ಮುಂದಿನ ಸಲ ಕೆಟ್ಟಾಗ ಒಟ್ಟಿಗೆ ಕೊಡಿ ಎಂದರು.