ನೀಲಿ ಜೆರೇನಿಯಂ ಹುಟ್ಟಿದ ಬಗೆ

ಬೆಂಗಳೂರು, ಮಡಿಕೇರಿ ಮೊದಲಾದ ತಂಪು ಹವೆಯ ಊರುಗಳಲ್ಲಿ, ಜಗಲಿಯ ಅಂಚಿನ ಮಣ್ಣಿನ ಕುಂಡಗಳಲ್ಲಿ ಕೆಂಪು, ಬಿಳಿ, ಗುಲಾಬಿ ಬಣ್ಣದ ಗೊಂಚಲುಗಳನ್ನು ಹೊತ್ತು ನಿಲ್ಲುವ ಜೆರೇನಿಯಂ ಗಿಡವನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಆದರೆ ಸಸ್ಯಶಾಸ್ತ್ರಜ್ಞರನ್ನು ಕೇಳಿದರೆ ಅದು ಜೆರೇನಿಯಂ ಅಲ್ಲವೇ ಅಲ್ಲ. ದಕ್ಷಿಣ ಆಫ್ರಿಕದಿಂದ ಬಂದ ಪೆಲಾರ್ಗೋನಿಯಂ. 1753ರಲ್ಲಿ ಲಿನೇಯಸ್ ಪಂಡಿತನು ಎರಡನ್ನೂ ಒಂದೇ ಕುಲದಲ್ಲಿ ಸೇರಿಸಿದ್ದನು. 1789ರಲ್ಲಿ ಫ್ರಾನ್ಸ್ ದೇಶದ ಲೆರಿಟಿಯೇ ಎಂಬಾತನು ಅವುಗಳನ್ನು ಬೇರ್ಪಡಿಸಿದನು. ಪಂಡಿತರೇನೋ ಒಪ್ಪಿಕೊಂಡರು, ತೋಟಗಾರರು ಮಾತ್ರ ಇನ್ನೂರು ವರ್ಷ ಕಳೆದರೂ ಹಳೆಯ ಹೆಸರನ್ನು ಬಿಟ್ಟಿಲ್ಲ. ಇಲ್ಲಿ ಹೇಳಹೊರಟಿರುವುದು ನಿಜವಾದ ಜೆರೇನಿಯಮ್ಮಿನ ಸಂಗತಿ. ಅದರ ಒಂದು ನೀಲಿ ತಳಿ ಈಚೆಗೆ ಲೋಕಪ್ರಸಿದ್ಧವಾಗಿದೆ. ಅದರ ತಾಯಿತಂದೆಗಳಿಬ್ಬರೂ ಹಿಮಾಲಯದವರು. ಹುಟ್ಟಿದುದು ಮಾತ್ರ ಇಂಗ್ಲೆಂಡಿನ ಒಂದು ಮನೆಯ ಹಿತ್ತಲಿನಲ್ಲಿ.

ಜೆರೇನಿಯಂ ಎಂಬ ಹೆಸರು ಕ್ರೌಂಚಪಕ್ಷಿಯನ್ನು ಹೇಳುವ ಗ್ರೀಕ್ ಶಬ್ದದಿಂದ ಬಂದಿದೆ. ದಳಗಳು ಉದುರಿದ ಮೇಲೆ ಇದರ ಕಾಯಿಯು ಆ ಹಕ್ಕಿಯ ಕೊಕ್ಕಿನಂತೆ ನೀಳವಾಗಿ ಬೆಳೆಯುತ್ತದೆ. ಕೊಕ್ಕಿನ ಬುಡದಲ್ಲಿ ಐದು ಗೂಡುಗಳು. ಗೂಡಿಗೆ ಒಂದರಂತೆ ಬೀಜ. ಕಾಯಿ ಬಲಿತು ಒಣಗಿದೊಡನೆ ಕೊಕ್ಕು ಐದು ಪಟ್ಟಿಗಳಾಗಿ ಸೀಳಿ, ಮೇಲಕ್ಕೆ ಸುರುಳಿಗೊಂಡು, ಬೀಜವನ್ನು ಕವಣೆಯಿಂದ ಎಸೆದಂತೆ ದೂರಕ್ಕೆ ಚಿಮ್ಮುತ್ತದೆ. ನಮ್ಮ ಕರ್ಣಕುಂಡಲದ ಕಾಯನ್ನು ಮುಟ್ಟಿ ಸಿಡಿಸಿ ಆಡಿದ ಮಕ್ಕಳಿಗೆ ಈ ಚಮತ್ಕಾರ ಹೊಸದೆನಿಸದು.

ಹೂವಿನೊಳಗೆ ಇನ್ನೊಂದು ಏರ್ಪಾಡುಂಟು. ಹೂ ಬಿರಿದಾಗ ಅದರ ಹತ್ತು ಕೇಸರಗಳು ಮೊದಲು ಬಲಿತು ಪರಾಗವನ್ನು ಸುರಿಸುವುವು. ಆ ಹೊತ್ತಿನಲ್ಲಿ, ನಡುವೆ ನಿಂತು ಪರಾಗವನ್ನು ಹಿಡಿಯತಕ್ಕ ಶಲಾಕಾಗ್ರವು ಮುಚ್ಚಿಕೊಂಡಿರುತ್ತದೆ. ಪರಾಗವೆಲ್ಲ ಮುಗಿದ ಮೇಲೆ ಅದು ಐದು ಎಳೆಗಳಾಗಿ ಬಿಡಿಸಿಕೊಳ್ಳುವುದು. ಆದಕಾರಣ ಹೂವು ತನ್ನ ಪರಾಗದಿಂದ ತಾನೇ ಬಸಿರಾಗುವುದು ವಿರಳ. ಜೇನ್ನೊಣವು ಬೇರೆ ಹೂವಿನ ಪರಾಗವನ್ನು ಹೊತ್ತು ತರಬೇಕು. ಹೂವಿಗೂ ನೊಣಕ್ಕೂ ಇರುವ ಈ ಒಪ್ಪಂದವನ್ನು ಅರಿಯುವ ದಾರಿಗೆ ಜರ್ಮನಿಯ ಶಾಲಾ ಉಪಾಧ್ಯಾಯ ಸ್ಪ್ರೆಂಗೆಲ್ ಬಿದ್ದುದೂ ಒಂದು ಕಾಡು ಜೆರೇನಿಯಮ್ಮಿನಿಂದಲೇ. 1787ರಲ್ಲಿ ಅದರ ದಳದ ಬುಡದಲ್ಲಿದ್ದ ನವಿರಾದ ರೋಮಗಳನ್ನು ಕಂಡು, ಇವು ಏತಕ್ಕಾಗಿ ಇವೆ ಎಂದು ಆತನು ಯೋಚಿಸತೊಡಗಿದನು. ಮಳೆಯ ಹನಿ ಮಕರಂದದಲ್ಲಿ ಬೆರೆಯದಂತೆ ಕಾಯುವುದಕ್ಕೆ ಎಂಬುದು ಆತನಿಗೆ ಹೊಳೆದ ಉತ್ತರ. ಇಂಥ ಸಣ್ಣ ಪ್ರಶ್ನೆಯನ್ನು ಬಿಡದೆ ಹಿಡಿದು ಆತನು 1793ರಲ್ಲಿ ಒಂದು ದೊಡ್ಡ ಗ್ರಂಥವನ್ನೇ ಪ್ರಕಟಿಸಿದನು. ಅಂದಿನವರು ಅದನ್ನು ಬಹುಮಟ್ಟಿಗೆ ಅಲಕ್ಷಿಸಿದರು.

ಹೊಸ ತಳಿಯನ್ನು ಬಯಸುವವನು ನೊಣದ ಕೆಲಸವನ್ನು ತಾನೇ ಮಾಡಬೇಕು. ತಾಯಿಯೆಂದು ಆರಿಸಿಕೊಂಡ ಗಿಡದ ಮೊಗ್ಗನ್ನು ಬಿರಿಯುವ ಮೊದಲೇ ಮೆಲ್ಲನೆ ಬಿಡಿಸಿ, ಹತ್ತು ಕೇಸರಗಳನ್ನೂ ಚಿಮುಟದಿಂದ ಕಿತ್ತು, ನೊಣ ಸೋಕದಂತೆ ತೆಳು ಬಟ್ಟೆಯ ಚೀಲವನ್ನು ಕಟ್ಟಬೇಕು. ಶಲಾಕಾಗ್ರ ಬಿಚ್ಚಿದ ದಿನ ಇನ್ನೊಂದು ಗಿಡದ ಪರಾಗವನ್ನು ಕುಂಚದಿಂದ ಸವರಬೇಕು. ಕಾಯಿ ಕಟ್ಟಿದರೆ ಮತ್ತೆ ಚೀಲ; ಇಲ್ಲವಾದರೆ ಬೀಜವು ಚಿಮ್ಮಿ ಎಲ್ಲಿಯೋ ಮಾಯವಾಗುವುದು. ಇಷ್ಟೆಲ್ಲ ಮಾಡಿದರೂ ಒಂದು ಹೂವಿಗೆ ಐದು ಬೀಜಕ್ಕಿಂತ ಹೆಚ್ಚು ದೊರೆಯದು; ದೂರದ ಜಾತಿಗಳನ್ನು ಕೂಡಿಸಿದಾಗ ಹಲವು ಸಲ ಒಂದೂ ದೊರೆಯದು. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆರ್ಕ್ನಿ ದ್ವೀಪಗಳಲ್ಲಿ ಅಲನ್ ಬ್ರೆಮ್ನರ್ ಎಂಬವರು ಹೀಗೆ ಕೈಯಾರೆ ಸಂಕರ ಮಾಡಿ ‘ಪೆಟ್ರಿಷಿಯಾ’ ಮೊದಲಾದ ಅನೇಕ ತಳಿಗಳನ್ನು ಪಡೆದರು. ಗಾಳಿ ಬೀಸುವ ಆ ದ್ವೀಪದಲ್ಲಿ ಇಂಥ ನಾಜೂಕಿನ ಕೆಲಸಕ್ಕೆ ಎಷ್ಟು ತಾಳ್ಮೆ ಬೇಕಾಗಿರಬಹುದೆಂಬುದನ್ನು, ಸೂಜಿಗೆ ದಾರ ಪೋಣಿಸಿ ಬಲ್ಲವರೆಲ್ಲರೂ ಊಹಿಸಬಲ್ಲರು.

ಆದರೆ ನಾವು ಮೊದಲು ಹೇಳಿದ ನೀಲಿ ತಳಿಯನ್ನು ಯಾರೂ ಹೀಗೆ ಮಾಡಲಿಲ್ಲ. ಸಾಮರ್ಸೆಟ್ ಪ್ರಾಂತದ ಕಿಲ್ವ್ ಎಂಬ ಹಳ್ಳಿಯಲ್ಲಿ ಡೊನಾಲ್ಡ್ ವಾಟರರ್ ಮತ್ತು ಅವರ ಪತ್ನಿ ರೋಸಾನ್ ಎಂಬ ದಂಪತಿಗಳಿದ್ದರು. ಅವರ ತೋಟದಲ್ಲಿ ಎರಡು ಜಾತಿಯ ಜೆರೇನಿಯಂ ಬೆಳೆದಿದ್ದವು. ಒಂದು, ಬೇಸಗೆಯ ಆರಂಭದಲ್ಲಿ ಅಗಲವಾದ ನೀಲಿ ಹೂ ಬಿಡುವ ‘ಹಿಮಾಲಯೆನ್ಸೆ’. ಇನ್ನೊಂದು, ಕಲ್ಕತ್ತೆಯ ಕಂಪನಿ ತೋಟದ ಮೇಲ್ವಿಚಾರಕನಾಗಿದ್ದ ಡೆನ್ಮಾರ್ಕಿನ ವಾಲಿಕ್ ಎಂಬಾತನ ಹೆಸರನ್ನು ಹೊತ್ತ ‘ವಾಲಿಕಿಯಾನಮ್’. ಕಾಶ್ಮೀರದ ಕಡೆ ಇದರ ಬೇರನ್ನು ಔಷಧಕ್ಕೆ ಬಳಸುವ ರೂಢಿಯುಂಟು. ಬೆಟ್ಟದಲ್ಲಿ ಇದರ ಹೂವು ಸಾಮಾನ್ಯವಾಗಿ ನಸುಗೆಂಪು ಬೆರೆತ ನೇರಳೆ. ವೇಲ್ಸ್ ನಾಡಿನ ಬಕ್ಸ್‌ಟನ್ ಎಂಬವರು ಆರಿಸಿ ಉಳಿಸಿದ ಬಗೆಯು ನೀಲಿಯಾಗಿದ್ದು, ನಡುವೆ ಬಿಳಿಯ ಕಣ್ಣುಳ್ಳದ್ದು. ಹೂ ಬಿಡುವುದು ಬೇಸಗೆಯ ಕೊನೆಗೆ. ವಾಟರರ್ ದಂಪತಿಗಳಲ್ಲಿದ್ದುದು ಈ ಬಗೆಯೇ.

1989ರಲ್ಲಿ ಆ ತೋಟದಲ್ಲಿ ತಾನಾಗಿ ಮೊಳೆತಿದ್ದ ಒಂದು ಸಸಿ ಅವರ ಕಣ್ಣಿಗೆ ಬಿದ್ದಿತು. ಹೂವು ಎರಡನ್ನೂ ಹೋಲುತ್ತಿತ್ತು, ಎರಡೂ ಆಗಿರಲಿಲ್ಲ. ಯಾವುದೋ ನೊಣವು ತಿಳಿಯದೆ ಮಾಡಿದ ಮದುವೆಯದು. ಕಳೆ ಕೀಳುವ ಕೈ ಒಂದು ದಿನ ಅವಸರಪಟ್ಟಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅವರು ಕೀಳಲಿಲ್ಲ, ಕಾದು ನೋಡಿದರು. ಈ ಗಿಡವು ಬೇಸಗೆಯ ಮೊದಲಿನಿಂದ ಹಿಮ ಬೀಳುವ ತನಕ ಬಿಡುವಿಲ್ಲದೆ ಹೂ ಬಿಡುವುದನ್ನು ಕಂಡು, ನಾರ್‌ಫೋಕಿನ ಬ್ರೆಸಿಂಗ್‌ಹ್ಯಾಮಿನಲ್ಲಿದ್ದ ಏಡ್ರಿಯನ್ ಬ್ಲೂಮ್ ಅವರ ಸಸ್ಯಾಲಯಕ್ಕೆ ಕೊಟ್ಟರು. ಅಲ್ಲಿ ಬೆಳೆಸಿ, ಹೆಚ್ಚಿಸಿ, 2000ದಲ್ಲಿ ಲಂಡನ್ನಿನ ಚೆಲ್ಸಿ ಪುಷ್ಪಪ್ರದರ್ಶನದಲ್ಲಿ ಜನರ ಮುಂದಿಟ್ಟರು. ದಾಖಲೆಯಲ್ಲಿ ಅದಕ್ಕೆ ‘ಗೆರ್ವಾಟ್’ ಎಂದು ಹೆಸರು. ಅಂಗಡಿಯಲ್ಲಿಯೂ ಜನರ ಬಾಯಲ್ಲಿಯೂ ಮನೆಯೊಡತಿಯ ಹೆಸರೇ: ‘ರೋಸಾನ್’. 2008ರಲ್ಲಿ ಅಮೆರಿಕದ ಬಹುವಾರ್ಷಿಕ ಸಸ್ಯಸಂಘವು ಅದನ್ನು ವರ್ಷದ ಗಿಡವೆಂದು ಸಾರಿತು. 2013ರಲ್ಲಿ ಚೆಲ್ಸಿ ಪ್ರದರ್ಶನಕ್ಕೆ ನೂರು ತುಂಬಿದಾಗ ಶತಮಾನದ ಗಿಡವೆಂಬ ಗೌರವವೂ ಅದಕ್ಕೇ ಸಂದಿತು.

ಇಷ್ಟು ದೀರ್ಘಕಾಲ ಹೂ ಬಿಡುವುದರ ಹಿಂದೆ ಒಂದು ಕೊರತೆಯಿದೆ. ರೋಸಾನ್ ಬಂಜೆ. ಜಾತಿಭೇದದ ತಾಯಿತಂದೆಗಳಿಗೆ ಹುಟ್ಟಿದ ಸಂಕರಗಳಲ್ಲಿ ಪರಾಗವೂ ಅಂಡವೂ ಸರಿಯಾಗಿ ರೂಪುಗೊಳ್ಳದಿರುವುದು ಸಾಮಾನ್ಯ. ಬೀಜ ಕಟ್ಟಿದ ಗಿಡವು ತನ್ನ ಕೆಲಸ ಮುಗಿಯಿತೆಂದು ಹೂವನ್ನು ನಿಲ್ಲಿಸುತ್ತದೆ. ಬೀಜ ಕಟ್ಟಲಾರದ ಇದು ಹೂವಿನ ಮೇಲೆ ಹೂವನ್ನು ಬಿಡುತ್ತಲೇ ಇರುತ್ತದೆ. ನೋಡುವವರಿಗೆ ಸಂಭ್ರಮ, ಗಿಡದ ಪಾಲಿಗೆ ಅದು ಮುಗಿಯದ ಪ್ರಯತ್ನ. ಬುಡವನ್ನು ಸೀಳಿ ನೆಟ್ಟೋ, ತುಂಡುಗಳನ್ನು ಬೇರು ಬಿಡಿಸಿಯೋ, ಪ್ರಯೋಗಶಾಲೆಯ ಗಾಜಿನ ಸೀಸೆಯಲ್ಲಿ ಬೆಳೆಸಿಯೋ ಮನುಷ್ಯನೇ ಇದನ್ನು ಉಳಿಸಿಕೊಳ್ಳಬೇಕು. ಲೋಕದಲ್ಲಿ ಇಂದು ರೋಸಾನ್ ಎನಿಸಿಕೊಳ್ಳುವ ಪ್ರತಿಯೊಂದು ಗಿಡವೂ ಕಿಲ್ವಿನ ಆ ಒಂದೇ ಸಸಿಯ ತುಂಡು.

ನಮ್ಮ ಬಯಲುಸೀಮೆಯ ಬಿಸಿಲು ಇದಕ್ಕೆ ಒಗ್ಗುವಂಥದಲ್ಲ. ಆದರೆ ಸಂಕರದ ಕುತೂಹಲವುಳ್ಳವರು ಜಗಲಿಯ ಪೆಲಾರ್ಗೋನಿಯಮ್ಮಿನಲ್ಲಿಯೇ ಪ್ರಯತ್ನಿಸಬಹುದು. ಅದರಲ್ಲಿಯೂ ಕೇಸರವೇ ಮೊದಲು ಬಲಿಯುವುದು, ಕಾಯಿಯೂ ಕೊಕ್ಕಿನಂತೆಯೇ ಇರುವುದು. ಒಂಟಿ ಸುತ್ತಿನ ಹೂಗಳ ಎರಡು ಬಣ್ಣದ ಗಿಡಗಳನ್ನು ಆರಿಸಿಕೊಳ್ಳಿರಿ. ಸುತ್ತು ಹೆಚ್ಚಾದ ಹೂಗಳಲ್ಲಿ ಕೇಸರಗಳು ಅನೇಕವೇಳೆ ದಳಗಳಾಗಿ ಮಾರ್ಪಟ್ಟಿರುತ್ತವೆ. ಕೊಕ್ಕು ಕಂದುಬಣ್ಣಕ್ಕೆ ತಿರುಗಿ, ಬೀಜವು ಗರಿಯಂಥ ಬಾಲದೊಡನೆ ಬಿಡಿಸಿಕೊಳ್ಳುವಾಗ ತೆಗೆದು, ಹೊರಸಿಪ್ಪೆಯನ್ನು ತುಸು ಗೀಚಿ, ಮರಳು ಬೆರೆಸಿದ ಮಣ್ಣಿನಲ್ಲಿ ಬಿತ್ತಬೇಕು. ನೀರು ಮಿತವಾಗಿರಲಿ. ಬಿತ್ತಿದ ನಾಲ್ಕೈದು ತಿಂಗಳಲ್ಲಿ ಮೊದಲ ಹೂ ಕಾಣಿಸುವುದು. ಕುಂಡಕ್ಕೆ ತಾಯಿಯ ಹೆಸರನ್ನೂ ತಂದೆಯ ಹೆಸರನ್ನೂ ಬರೆದು ಕಟ್ಟಲು ಮಾತ್ರ ಮರೆಯಬೇಡಿರಿ.